ಮುದ್ದೆ ಕಟ್ಟೆಯ ಎತ್ತರ

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಕೂತು, ನಾನು ಮನೆಗಳ ಒಳಾಂಗಣ ವಿನ್ಯಾಸ ಮಾಡುತ್ತೇನೆ ಎಂದರೆ ಜನ ಅಯ್ಯೋ ಪಾಪ ಎನ್ನುವಂತೆ ನೋಡುತ್ತಿದ್ದರು. ಮೈಸೂರಿನಲ್ಲಿ ಎರಡು ವರ್ಷ ಓದಿ ಡಿಪ್ಲೊಮಾ ತಂದಿದ್ದೆ. ನಮ್ಮ ಬೀದಿಯ ಅಜ್ಜಿಯೊಬ್ಬರು, "ಅಂದ್ರೆ ರಂಗೋಲಿ ಹಾಕೋದಾ?" ಎಂದು ಕೇಳಿದ್ದರು. ಅಪ್ಪ ಶಾಲೆಯ ಮೇಷ್ಟ್ರು, ಚಿಕ್ಕಪ್ಪನಿಗೆ ದೇವಸ್ಥಾನದ ಪೂಜೆ. ಮಗಳು ಮನೆಯ ಮುಂದಿನ ಕೋಣೆಯಲ್ಲಿ ದೊಡ್ಡ ಮೇಜು ಹಾಕಿಕೊಂಡು ಊರವರ ಕಪಾಟುಗಳ ಚಿತ್ರ ಯಾಕೆ ಬರೆಯುತ್ತಾಳೆ ಎನ್ನುವುದು ಅವರಿಗೂ ಪೂರ್ತಿ ತಿಳಿದಿರಲಿಲ್ಲ. ನನಗೆ ಮಾತ್ರ ಲೋಕದಲ್ಲಿ ಎಲ್ಲವೂ ತಿಳಿದಿತ್ತು. ವಯಸ್ಸು ಇಪ್ಪತ್ತನಾಲ್ಕು, ಸಿಟ್ಟು ಸದಾ ಮೂಗಿನ ತುದಿಯಲ್ಲಿ.

ನಾನು ಬರೆದದ್ದನ್ನು ಮರದಲ್ಲಿ ಮಾಡಿಕೊಡುವವರು ಒಬ್ಬ ಆಚಾರ್ರು. ಅವರ ಊರು ನಾಗಮಂಗಲದ ಆಚೆ, ಬಿಂಡಿಗನವಿಲೆ. ಕೆಲಸ ಮಾಡುವ ಶೆಡ್ಡು ಮಾತ್ರ ಪಾಂಡವಪುರದಲ್ಲಿ, ಒಂದು ಸಾಮಿಲ್ಲಿನ ಹಿಂದೆ. ಐವತ್ತು ದಾಟಿದ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್ಲು, ಬಾಯಲ್ಲಿ ಎಲೆಯಡಿಕೆ. ಅವರು ತೋಪಡ ಹೊಡೆದು ನಯ ಮಾಡಿದ ಹಲಗೆಯ ಮೇಲೆ ಕೈಯಾಡಿಸಿದರೆ ಕೈ ತಾನಾಗಿ ಜಾರಿಕೊಂಡು ಹೋಗುತ್ತಿತ್ತು. ಅಂಥ ಕೆಲಸಗಾರ. ಆದರೆ ನನ್ನ ನಕ್ಷೆಯನ್ನು ಅವರು ಓದುತ್ತಿದ್ದ ರೀತಿ ನೋಡಿದರೆ ನನ್ನ ಮೈ ಉರಿಯುತ್ತಿತ್ತು. ಕಾಗದವನ್ನು ಒಂದು ಸಲ ಬಿಡಿಸಿ, ಹೂಂ ಎಂದು, ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರೆ ಮುಗಿಯಿತು. ಕೆಲಸ ಮುಗಿಯುವವರೆಗೆ ಅದು ಜೇಬಿನಿಂದ ಹೊರಗೆ ಬರುತ್ತಿರಲಿಲ್ಲ.

ನಾನು ಎರಡಡಿ ಅಗಲದ ಬಾಗಿಲು ಬರೆದರೆ ಅವರು ಒಂದೂವರೆ ಅಡಿಯದ್ದು ಮಾಡುತ್ತಿದ್ದರು. ಯಾಕೆ ಎಂದರೆ, "ಎಲ್ಡಡಿ ಬಾಗ್ಲು ವರ್ಸಕ್ಕೇ ಜೋತ್ಕತದೆ ಅಮ್ಮಾವ್ರೆ." ಮೂಲೆ ನೆಟ್ಟಗೆ ಬರಲಿಲ್ಲ ಎಂದರೆ, "ಗೋಡೆನೇ ಸೊಟ್ಟ ಐತೆ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಗೊಣಗಿಕೊಳ್ಳುತ್ತಿದ್ದೆ. ಅವರು ತೂಗುಗುಂಡು ಇಳಿಬಿಟ್ಟು ತೋರಿಸಿದಾಗ ಗೋಡೆ ನಿಜಕ್ಕೂ ಸೊಟ್ಟವೇ ಇರುತ್ತಿತ್ತು. ಅದರಿಂದ ನನ್ನ ಸಿಟ್ಟು ಇನ್ನಷ್ಟು ಏರುತ್ತಿತ್ತು.

ಶ್ರೀರಂಗಪಟ್ಟಣದ ಪೇಟೆಯಲ್ಲಿ ಒಂದು ಮನೆಗೆ ಬಟ್ಟೆ ಬೀರು ಮಾಡುವಾಗ ಇದು ತಾರಕಕ್ಕೇರಿತು. ನಾನು ಮೂರು ಡ್ರಾಯರು ಬರೆದಿದ್ದೆ, ಅವರು ಎರಡು ಮಾಡಿ ಕೂರಿಸಿದ್ದರು. ಮನೆಯವರ ಎದುರಿಗೇ ನಾನು ಎಗರಾಡಿದೆ. "ಆಚಾರ್ರೇ, ಇನ್ನುಮೇಲೆ ಪೇಪರಲ್ಲಿ ಏನಿದೆಯೋ ಅಷ್ಟೇ ಮಾಡಬೇಕು. ಒಂದು ನೂಲು ಆಚೀಚೆ ಆಗಬಾರದು. ನಿಮ್ಮ ಅಭಿಪ್ರಾಯ ನನಗೆ ಬೇಡ," ಎಂದೆ. ನೂಲು ಎಂದರೆ ಅವರ ಲೆಕ್ಕದಲ್ಲಿ ಅಂಗುಲದ ಎಂಟನೇ ಒಂದು ಪಾಲು. ಅವರ ಭಾಷೆಯಲ್ಲೇ ಅವರಿಗೆ ಬೈದೆನಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಆಚಾರ್ರು ಎಲೆಯಡಿಕೆ ಉಗಿದು ಬಂದು, "ಆಯ್ತು ಬುಡಿ," ಎಂದರು. ಅಷ್ಟೇ.

ಮುಂದಿನ ಕೆಲಸ ಕಿರಂಗೂರಿನ ಒಂದು ಒಕ್ಕಲು ಮನೆಯಲ್ಲಿ. ಕಬ್ಬು, ಭತ್ತ, ಎರಡು ಎಮ್ಮೆ, ಹೊತ್ತಿಗೆ ಹನ್ನೆರಡು ಜನ ಉಣ್ಣುವ ಮನೆ. ಮನೆಯೊಡತಿಗೆ ಮಂಡಿ ನೋವು. ಮೈಸೂರಿನ ಡಾಕ್ಟರು ಕುಕ್ಕರಗಾಲಲ್ಲಿ ಕೂರಲೇಬಾರದು ಎಂದುಬಿಟ್ಟಿದ್ದರು. ಹೀಗೇ ಕೂತು ಅಡುಗೆ ಮಾಡುತ್ತಿದ್ದರೆ ಇನ್ನೊಂದೆರಡು ವರ್ಷಕ್ಕೆ ಕೋಲು ಹಿಡಿದು ನಡೆಯಬೇಕಾಗುತ್ತದೆ ಎಂದೂ ಹೇಳಿದ್ದರು. ಅಡುಗೆಯನ್ನು ಸೊಸೆಯರಿಗೆ ಬಿಡು ಎಂದರೆ ಆಕೆ ಒಪ್ಪುತ್ತಿರಲಿಲ್ಲ. ಸಾರು, ಪಲ್ಯ ಯಾರಾದರೂ ಮಾಡಲಿ, ರಾಗಿ ಹಿಟ್ಟು ತಿರುವಿ ಮುದ್ದೆ ಕಟ್ಟುವುದು ಮಾತ್ರ ತನ್ನ ಕೈಯದೇ ಆಗಬೇಕು. "ಈ ಮನೇಗ್ ಬಂದಾಗಿಂದ ಇಟ್ಟಿನ್ ಕೋಲು ನನ್ ಕೈಲೈತೆ. ನಾನ್ ಸಾಯೋಗಂಟ ಬುಡಾಕಿಲ್ಲ," ಎಂದು ನಗುತ್ತಲೇ ಹೇಳಿದರು. ಅದಕ್ಕಾಗಿ ಯಜಮಾನರು ನಿಂತು ಅಡುಗೆ ಮಾಡುವ ಕಟ್ಟೆ ಮಾಡಿಸಲು ಹೊರಟಿದ್ದರು. ಆಕೆಯ ಮಂಡಿಯೂ ಉಳಿಯಬೇಕು, ಕೋಲೂ ಕೈಯಲ್ಲಿ ಉಳಿಯಬೇಕು. ಕೆಲಸ ಎಂದರೆ ಅದೇ, ಬೇರೇನೂ ಅಲ್ಲ.

ನಾನು ಆ ಮನೆಯ ಯಜಮಾನರ ಜೊತೆ ಮೂರು ಸಲ ಮಾತಾಡಿದೆ. ಅವರ ಹಿರಿಯ ಮಗನ ಜೊತೆ ಎರಡು ಸಲ. ಮನೆಯೊಡತಿಯನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮ, ಬಾಗಿಲಿಗೆ ಯಾವ ಬಣ್ಣದ ಮೈಕಾ ಹಾಕಿಸಲಿ?" ಆಕೆ, "ನಿಂಗ್ ಚಂದ ಕಂಡಿದ್ ಆಕ್ಸು ಮಗ," ಎಂದರು. ಸರಿ, ಕೇಳಿದ್ದಾಯಿತಲ್ಲ ಎಂದು ನಾನು ಮನೆಗೆ ಬಂದು ನಕ್ಷೆ ಬರೆದೆ. ಕಟ್ಟೆ ಮೂವತ್ತನಾಲ್ಕು ಅಂಗುಲ ಎತ್ತರ, ಏಕೆಂದರೆ ಪುಸ್ತಕದಲ್ಲಿ ಅಷ್ಟೇ ಇತ್ತು. ಮೇಲೆ ಕಡಪ ಕಲ್ಲು, ಅದರ ಮೇಲೆ ಗ್ಯಾಸ್ ಒಲೆ, ಕೆಳಗೆ ಹಸಿರು ಮೈಕಾದ ಬಾಗಿಲುಗಳು, ಗೋಡೆಗೆ ಮೇಲಿನ ಕಪಾಟುಗಳ ಸಾಲು.

ಇಲ್ಲೊಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮದು ಅನ್ನ ಉಣ್ಣುವ ಮನೆ. ಮುದ್ದೆ ತಿನ್ನುವ ನಾಡಿನಲ್ಲೇ ಹುಟ್ಟಿ ಬೆಳೆದರೂ, ಯಾರಾದರೂ ಹಿಟ್ಟು ತಿರುವುವುದನ್ನು ನಾನು ಕಣ್ಣಾರೆ ನೋಡಿರಲಿಲ್ಲ. ಮುದ್ದೆ ಎಂದರೆ ತಟ್ಟೆಯಲ್ಲಿ ದುಂಡಗೆ ಬಂದು ಕೂರುವ ಪದಾರ್ಥ ಎಂದಷ್ಟೇ ಗೊತ್ತು. ಅದಕ್ಕಿಂತ ಮುಂಚೆ ಅದು ಕುದಿಯುವ ನೀರಿನಲ್ಲಿ ಗಟ್ಟಿಯಾಗುತ್ತಾ ಹೋಗುತ್ತದೆ, ಉದ್ದನೆಯ ಕೋಲನ್ನು ಮೇಲಿನಿಂದ ಒತ್ತಿ, ಇಡೀ ಮೈಯ ಭಾರ ಬಿಟ್ಟು ತಿರುವಬೇಕಾಗುತ್ತದೆ, ಪಾತ್ರೆ ಅಲುಗದಂತೆ ಕವಲೊಡೆದ ಕವೆಗೋಲಿನಿಂದ ಅದುಮಿ ಹಿಡಿಯಬೇಕಾಗುತ್ತದೆ ಎನ್ನುವುದೆಲ್ಲ ಗಂಜಾಂನ ಮೇಷ್ಟ್ರ ಮಗಳಿಗೆ ಎಲ್ಲಿಂದ ತಿಳಿಯಬೇಕು? ಹನ್ನೆರಡು ಜನರ ಹಿಟ್ಟು ಎಂದರೆ ಅದು ಗರಡಿ ಮನೆಯ ಕೆಲಸ.

ಆಚಾರ್ರು ಈ ಸಲ ನಕ್ಷೆಯನ್ನು ಜೇಬಿಗೆ ಹಾಕಲಿಲ್ಲ. ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಒಂದೊಂದು ಹಲಗೆಗೂ ಕಾಗದದ ಮುಂದೆ ಹೋಗಿ ನಿಂತು, ಅಳತೆ ಓದಿ, ವಾಪಸು ಬಂದು ಗೀಟು ಹಾಕುತ್ತಿದ್ದರು. ಒಂದೇ ಒಂದು ದಿನ ಬಾಯಿ ತೆರೆದರು. "ಅಮ್ಮಾವ್ರೆ, ಈ ಕಟ್ಟೆ ಮ್ಯಾಲೆ..." ಎಂದು ಶುರುಮಾಡಿದರು. ನಾನು ಗೋಡೆಯ ಕಡೆ ಬೆರಳು ತೋರಿಸಿದೆ. ಅವರು ಹೋಗಿ ಅಳತೆ ಓದಿ ಬಂದು ಗೀಟು ಹಾಕಿದರು. ಎಂಥ ಗೆಲುವು ಎಂದುಕೊಂಡೆ.

ಕೆಲಸ ಮುಗಿದಾಗ ಆ ಅಡುಗೆ ಮನೆ ನೋಡಲು ಅರ್ಧ ಕಿರಂಗೂರು ಬಂದಿತ್ತು. ಬಾಗಿಲು ತೆಗೆಯುವುದು, ಮುಚ್ಚುವುದು, ಮತ್ತೆ ತೆಗೆಯುವುದು. ನಕ್ಷೆಯಲ್ಲಿದ್ದಂತೆಯೇ ಎಲ್ಲವೂ, ಒಂದು ನೂಲೂ ಆಚೀಚೆ ಇಲ್ಲ. ನಾನು ಮೊಪೆಡ್ಡಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಹಾಡು ಹೇಳಿಕೊಂಡು ಬಂದೆ.

ಮೂರು ತಿಂಗಳಾಯಿತು. ಕೃಷ್ಣರಾಜಪೇಟೆಯಿಂದ ಒಬ್ಬ ಮೇಡಂ, ಅಲ್ಲಿನ ಪ್ರೈಮರಿ ಶಾಲೆಯ ಟೀಚರು, ತಮ್ಮ ಮನೆಗೂ ಅಂಥದ್ದೇ ಅಡುಗೆ ಮನೆ ಬೇಕೆಂದು ಹುಡುಕಿಕೊಂಡು ಬಂದರು. ಮಾಡಿದ್ದನ್ನೇ ತೋರಿಸೋಣವೆಂದು ಅವರನ್ನು ಕಿರಂಗೂರಿಗೆ ಕರೆದುಕೊಂಡು ಹೋದೆ. ಹನ್ನೊಂದೂವರೆಯ ಹೊತ್ತು, ಮಧ್ಯಾಹ್ನದ ಅಡುಗೆಯ ಸಮಯ. ಹಸಿರು ಬಾಗಿಲುಗಳು ಪಳಪಳ ಹೊಳೆಯುತ್ತಿದ್ದವು. ಕಟ್ಟೆಯ ಮೇಲೆ ಸಾರು ಕುದಿಯುತ್ತಿತ್ತು. ಮನೆಯೊಡತಿ ಮಾತ್ರ ಅಲ್ಲಿರಲಿಲ್ಲ.

ಹಿತ್ತಲ ಬಾಗಿಲು ತೆರೆದಿತ್ತು. ಅಲ್ಲಿ ಮೂರು ಕಲ್ಲಿನ ಒಲೆ, ಸೌದೆಯ ಹೊಗೆ. ಆಕೆ ಕುಕ್ಕರಗಾಲಲ್ಲಿ ಕೂತು, ಹಲ್ಲು ಕಚ್ಚಿಕೊಂಡು ಹಿಟ್ಟು ತಿರುವುತ್ತಿದ್ದರು. ತಿರುವಿ ಮುಗಿದ ಮೇಲೆ ಏಳಲು ಹೋದರು, ಆಗಲಿಲ್ಲ. ಗೋಡೆ ಹಿಡಿದು ಎರಡನೆಯ ಸಲಕ್ಕೆ ಎದ್ದರು. ನನ್ನನ್ನು ನೋಡಿದ್ದೇ, ಕದ್ದು ಸಿಕ್ಕಿಹಾಕಿಕೊಂಡವರ ಹಾಗೆ ಮುಖ ಮಾಡಿದರು.

"ಯಾಕಮ್ಮ ಇಲ್ಲಿ?" ಎಂದೆ.

"ಅಯ್ಯೋ ಏನೂ ಇಲ್ಲ ಕಣ್ ಮಗ. ಕಟ್ಟೆ ಬೋ ಚಂದಾಗೈತೆ. ವಸಿ ಎತ್ರ ಆಯ್ತು ಅಷ್ಟೇಯ. ಒಲೆ ಮ್ಯಾಲೆ ಪಾತ್ರೆ ಮಡುಗುದ್ರೆ ಕೋಲು ನನ್ ತಲೆಗಿಂತ್ಲೂ ಮ್ಯಾಲೋಯ್ತದೆ. ಒತ್ತಾಕೆ ಬಲ ಸಿಕ್ಕಾಕಿಲ್ಲ."

"ಮೂರು ತಿಂಗಳಿಂದ ಹೇಳಲೇ ಇಲ್ಲವಲ್ಲಮ್ಮ!"

"ಎಂಗ್ ಯೋಳ್ಲಿ? ಅಷ್ಟು ಆಸೆಪಟ್ಟು ಮಾಡಿದ್ದಿ. ನಿನ್ ಮನ್ಸು ನೋಯಕಿಲ್ವಾ?"

ನನ್ನ ಮನಸ್ಸು ನೋಯಬಾರದೆಂದು ಆಕೆ ಮೂರು ತಿಂಗಳು ತನ್ನ ಮಂಡಿ ನೋಯಿಸಿಕೊಂಡಿದ್ದರು. ಡಾಕ್ಟರು ಯಾವುದನ್ನು ಮಾಡಲೇಬೇಡಿ ಎಂದಿದ್ದರೋ ಅದನ್ನೇ ದಿನಕ್ಕೆ ಎರಡು ಹೊತ್ತು, ಅದೂ ನಾನು ಕಟ್ಟಿಸಿದ ಕಟ್ಟೆಯಿಂದ ಹತ್ತು ಹೆಜ್ಜೆ ಆಚೆ. ಕೃಷ್ಣರಾಜಪೇಟೆಯ ಮೇಡಂ ಒಳಗೆ ಬಾಗಿಲು ತೆಗೆದು ಮುಚ್ಚಿ, "ಎಷ್ಟು ಚೆನ್ನಾಗಿದೆ!" ಎನ್ನುತ್ತಿದ್ದರು. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಸಿಟ್ಟಿನವರಿಗೆ ನಾಚಿಕೆಯಾದರೆ ಅದೂ ಸಿಟ್ಟಾಗಿಯೇ ಹೊರಬರುತ್ತದೆ. ಆಚಾರ್ರಿಗೆ ಇದು ಮೊದಲೇ ಗೊತ್ತಿತ್ತು ಎಂದು ನನಗೆ ಥಟ್ಟನೆ ಹೊಳೆಯಿತು. ಅವರು ಮುದ್ದೆ ಉಂಡೇ ಬೆಳೆದವರು. ಮಾರನೆಯ ದಿನ ಪಾಂಡವಪುರದ ಶೆಡ್ಡಿಗೆ ಹೋದರೆ ಬೀಗ. ತಮ್ಮ ಊರಿನಲ್ಲಿ ಯಾರದೋ ಮನೆಗೆ ಬಾಗಿಲುವಾಡ ಕೂರಿಸಲು ಹೋಗಿದ್ದಾರೆ ಎಂದು ಸಾಮಿಲ್ಲಿನವರು ಹೇಳಿದರು. ಬಿಡುವವಳೇ ನಾನು? ನಾಗಮಂಗಲದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬಿಂಡಿಗನವಿಲೆಗೆ ಹೋಗಿ ಇಳಿದೆ. ದಾರಿಯಲ್ಲಿ ಕುರಿಮಂದೆ ಅಡ್ಡ ಬಂದು ಬಸ್ಸು ನಿಂತಾಗ, ಬೈಯಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡೆ.

ಆಚಾರ್ರು ತಮ್ಮ ಜಗಲಿಯ ಮೇಲೆ ಕೂತು ಉಳಿ ಮಸೆಯುತ್ತಿದ್ದರು.

"ಕಿರಂಗೂರಿನ ಕಟ್ಟೆ ಎತ್ತರ ಆಗುತ್ತೆ ಅಂತ ನಿಮಗೆ ಗೊತ್ತಿತ್ತಾ?" ಎಂದೆ. ಜೋಡಿಸಿಕೊಂಡ ಮಾತು ಒಂದೂ ನೆನಪಿಗೆ ಬರಲಿಲ್ಲ.

"ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಯೋಳ್ದೆ. ನೀವು ಗೋಡೆ ತೋರಿಸುದ್ರಿ."

"ಇನ್ನೊಂದು ಸಲ ಹೇಳಬೇಕಾಗಿತ್ತು!"

"ನಾಕ್ ಜನದ್ ಮುಂದೆ ನಿಮ್ ಅಭಿಪ್ರಾಯ ಬ್ಯಾಡ ಅಂದ್ರಲ್ಲ ಅಮ್ಮಾವ್ರೆ. ನಂಗೂ ರೋಸೋಗಿತ್ತು. ಮಾಡ್ಕಳ್ಳಿ, ಕಾಗ್ದ ಎಂಗೈತೋ ಅಂಗೇಯ ಮಾಡ್ಕೊಟ್ಬುಡವ, ಆಮ್ಯಾಲೆ ಗೊತ್ತಾಯ್ತದೆ ಅಂದ್ಕಂಡೆ."

ನಾನು ಹಿತ್ತಲಲ್ಲಿ ಕಂಡದ್ದನ್ನು ಹೇಳಿದೆ. ಆಕೆ ಮೊದಲ ಸಲ ಏಳಲಾಗದೆ, ಗೋಡೆ ಹಿಡಿದು ಎದ್ದದ್ದನ್ನೂ ಹೇಳಿದೆ. ಆಚಾರ್ರ ಕೈಯಲ್ಲಿ ಉಳಿ ನಿಂತಿತು. ಅವರು, ಕಟ್ಟೆ ಸರಿಯಿಲ್ಲವೆಂದು ಆಕೆ ಮೊದಲ ದಿನವೇ ಜಗಳ ತೆಗೆಯುತ್ತಾರೆ, ನನಗೆ ಸರಿಯಾಗಿ ಬುದ್ಧಿ ಬರುತ್ತದೆ ಎಂದುಕೊಂಡಿದ್ದರಂತೆ. ಆಕೆಯೂ ಬಾಯಿ ಬಿಡುವುದಿಲ್ಲ ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ.

ಉಳಿಯನ್ನು ಪಕ್ಕಕ್ಕಿಟ್ಟು ಹೇಳಿದರು: "ನಿಮ್ ತೆಪ್ಪು ಕಾಗ್ದದ್ ಮ್ಯಾಲಿತ್ತು. ರಬ್ಬರ್‌ನಲ್ಲಿ ಉಜ್ಜುದ್ರೆ ಓಯ್ತಿತ್ತು. ನನ್ ತೆಪ್ಪು ಆ ಯಮ್ಮನ್ ಮಂಡಿ ಮ್ಯಾಲೆ ಬಿತ್ತಲ್ಲವ್ವ."

ಅಲ್ಲಿಯವರೆಗೆ ಅಮ್ಮಾವ್ರೆ ಎನ್ನುತ್ತಿದ್ದವರು ಅವತ್ತು ಮೊದಲ ಸಲ ನನ್ನನ್ನು ಅವ್ವ ಎಂದರು. ನಾನೂ, "ನಾನು ನಿಮಗೆ ಹಾಗೆ ಅನ್ನಬಾರದಾಗಿತ್ತು ಆಚಾರ್ರೇ," ಎಂದೆ. ಅದನ್ನು ಹೇಳುವುದು ಎರಡು ಬಸ್ಸು ಹತ್ತಿ ಇಳಿಯುವುದಕ್ಕಿಂತ ಕಷ್ಟವಾಗಿತ್ತು. ಅವರ ಹೆಂಡತಿ ಒಳಗಿಂದ ಮಜ್ಜಿಗೆ ತಂದುಕೊಟ್ಟು, "ಇವ್ರುದ್ ಇದೇ ಕತೆ. ಮಾತಾಡ್ಬೇಕಾದಾಗ ಬಾಯಿಗ್ ಎಲೆಯಡಿಕೆ ತುರ್ಕಂಬುಡ್ತಾರೆ," ಎಂದು ಗಂಡನಿಗೆ ಮಂಗಳಾರತಿ ಎತ್ತಿದರು. ನನಗೆ ಸ್ವಲ್ಪ ಸಮಾಧಾನವಾಯಿತು.

ಎರಡು ದಿನ ಬಿಟ್ಟು ಇಬ್ಬರೂ ಕಿರಂಗೂರಿಗೆ ಹೋದೆವು. ನಾನು ಅಭ್ಯಾಸಬಲದಿಂದ ಟೇಪು ತೆಗೆದೆ. ಆಚಾರ್ರು, "ಅದ್ನ ಮಡೀಗಿ. ಮೊದ್ಲು ಅಕ್ಕ ಇಟ್ಟು ತಿರುವ್ಲಿ," ಎಂದರು. ಹಿತ್ತಲಲ್ಲಿ ಒಂದು ಚಪ್ಪಡಿ ಕಲ್ಲಿನ ಮೇಲೆ ಮುಕ್ಕಾಲಂಗುಲದ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿದರು. ಪಕ್ಕದ ಒಲೆಯಲ್ಲಿ ಬೇಯಿಸಿದ ಹಿಟ್ಟಿನ ಪಾತ್ರೆಯನ್ನು ಅದರ ಮೇಲಿಟ್ಟು, ಅಲುಗದಂತೆ ತಾವೇ ಕವೆಗೋಲು ಅದುಮಿ ಹಿಡಿದು, "ತಿರುವು ಅಕ್ಕ," ಎಂದರು. ಆಕೆ ನಿಂತು ಕೋಲು ಒತ್ತಿದರು. ಎತ್ತರವಾಯಿತು. ಎರಡು ಹಲಗೆ ತೆಗೆದರು. ಇನ್ನೂ ಎತ್ತರ. ಮತ್ತೆ ಎರಡು. ಈಗ ತೀರಾ ಬಗ್ಗಬೇಕಾಯಿತು, ಒಂದು ಹಲಗೆ ಹಾಕಿದರು. ಅಷ್ಟರಲ್ಲಿ ಹಿಟ್ಟು ಆರಿ ಕಲ್ಲಾಯಿತು. ಇನ್ನೊಂದು ಎಸರಿಟ್ಟರು. ಹೀಗೆ ನಾಲ್ಕು ಪಾತ್ರೆ ಹಿಟ್ಟು ಎಮ್ಮೆಗಳ ಪಾಲಾಯಿತು. ಯಜಮಾನರು ಕೊಟ್ಟಿಗೆಯಿಂದಲೇ, "ಇನ್ನೂ ಅಳೀರ್ಲಾ, ಎಮ್ಮೆ ಮೈ ತುಂಬ್ಕತಾವೆ!" ಎಂದು ಕೂಗುತ್ತಿದ್ದರು.

ಐದನೆಯ ಪಾತ್ರೆಗೆ ಆಕೆಯ ಕೈ ಸಲೀಸಾಗಿ ಆಡಿತು. ಬೆನ್ನು ನೆಟ್ಟಗಿತ್ತು, ತೋಳಿನ ಬಲವೆಲ್ಲ ನೇರವಾಗಿ ಕೋಲಿಗೆ ಇಳಿಯುತ್ತಿತ್ತು. "ಉಂ, ಇದು," ಎಂದರು. ಆಚಾರ್ರು ಒಂದು ರೀಪರು ಪಟ್ಟಿಯನ್ನು ಹಲಗೆಗಳ ಪಕ್ಕಕ್ಕೆ ನಿಲ್ಲಿಸಿ, ಉಳಿಯಿಂದ ಕಚ್ಚು ಹಾಕಿ ನನ್ನ ಕೈಗೆ ಕೊಟ್ಟರು. "ಈಗ ಟೇಪು ತೆಗೀರಿ. ಕಾಗ್ದದ್ ಮ್ಯಾಲೆ ಬರೀರಿ." ಹದಿನಾಲ್ಕೂವರೆ ಅಂಗುಲ. ಯಾವ ಪುಸ್ತಕದಲ್ಲೂ ಇಲ್ಲದ ಅಳತೆ.

ಆದರೆ ನಾನೂ ಸುಮ್ಮನೆ ಬರೆದುಕೊಂಡು ನಿಲ್ಲಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆಚಾರ್ರು ಕಟ್ಟೆಯ ತುದಿಗೆ ಹದಿನಾಲ್ಕೂವರೆ ಅಂಗುಲದ ಗಟ್ಟಿ ಪೀಠ ಮಾಡಿಬಿಟ್ಟರೆ ಆಯಿತು ಎಂದುಕೊಂಡಿದ್ದರು. ನಾನು ಆಕೆಯನ್ನೇ ನೋಡುತ್ತಿದ್ದೆ. ಮೇಲಿನ ಒಲೆಯಿಂದ ಅಷ್ಟು ಕೆಳಗಿನ ಪೀಠಕ್ಕೆ, ಕುದಿಯುವ ಹನ್ನೆರಡು ಜನರ ಪಾತ್ರೆಯನ್ನು ಇಳಿಸುವವರು ಯಾರು? ಮಂಡಿ ನೋವಿನ ಹೆಂಗಸು ಜಾರಿದರೆ ಗತಿಯೇನು? "ಆಚಾರ್ರೇ, ಪಾತ್ರೆ ಇಳಿಸೋದೇ ಬೇಡ. ಒಂದು ಒಲೇನೂ ಕೆಳಗೆ ಬರಲಿ. ಒಲೆಯ ನೆತ್ತಿ, ನಿಮ್ಮ ಹಲಗೆ, ಎರಡೂ ಒಂದೇ ಮಟ್ಟಕ್ಕೆ ಇರಲಿ. ಬೆಂದ ಮೇಲೆ ಪಕ್ಕಕ್ಕೆ ಎಳೆದುಕೊಂಡರೆ ಸಾಕು," ಎಂದು, ಅಲ್ಲೇ ಹಿತ್ತಲ ನೆಲದ ಮೇಲೆ ಇದ್ದಿಲಿನಲ್ಲಿ ಗೀಚಿ ತೋರಿಸಿದೆ.

ಅವರು ಕುಕ್ಕರಗಾಲಲ್ಲಿ ಕೂತು ಚಿತ್ರವನ್ನು ಎಷ್ಟೋ ಹೊತ್ತು ನೋಡಿದರು. ಮಡಚಿ ಜೇಬಿಗಿಟ್ಟುಕೊಳ್ಳಲು ಅದು ಕಾಗದವಾಗಿರಲಿಲ್ಲ. "ಇದ್ ನಂಗ್ ಒಳೀಲೇ ಇಲ್ವಲ್ಲ," ಎಂದರು. ಆಮೇಲೆ ಕಿವಿಯ ಪೆನ್ಸಿಲ್ಲು ತೆಗೆದು, ಕವೆಗೋಲು ಕೈಯಲ್ಲಿ ಹಿಡಿಯುವುದೂ ಬೇಡ, ಹಲಗೆಗೇ ಜಾಲಿ ಮರದ ಕವೆ ಕೂರಿಸಿಬಿಡೋಣ, ಪಾತ್ರೆ ಎಳೆದರೆ ತಾನೇ ಬಂದು ಸಿಕ್ಕಿಕೊಳ್ಳುತ್ತದೆ ಎಂದರು. ಹಾಗಾದರೆ ಕವೆಯ ಬಾಯಿ ಎಷ್ಟಗಲ? ಮನೆಯ ಪಾತ್ರೆಗಳನ್ನೆಲ್ಲ ತರಿಸಿ ಸಾಲಾಗಿಟ್ಟೆವು. ನಾನು ಒಂದು ಹೇಳುವುದು, ಅವರು ಒಂದು ಸೇರಿಸುವುದು. ಸೊಸೆಯರು ಕಾಫಿ ತಂದಿಟ್ಟದ್ದು ಆರಿಹೋಗಿತ್ತು. ಕೆಲಸದಲ್ಲಿ ನಾನು ಅಷ್ಟು ಸುಖ ಪಟ್ಟ ದಿನ ಅದೇ ಮೊದಲು. ಇಬ್ಬರೂ ಒಂದೇ ನೊಗಕ್ಕೆ ಕತ್ತು ಕೊಟ್ಟರೆ ಗಾಡಿ ಎಷ್ಟು ಹಗುರ ಎಂದು ಅವತ್ತು ತಿಳಿಯಿತು.

ಹತ್ತು ದಿನದಲ್ಲಿ ಮುದ್ದೆ ಕಟ್ಟೆ ಸಿದ್ಧವಾಯಿತು. ಹಸಿರು ಬಾಗಿಲುಗಳ ಸಾಲು ತುದಿಯಲ್ಲಿ ಗಕ್ಕನೆ ತಗ್ಗಾಗಿ, ನೋಡಲು ಏನೂ ಅಂದವಿರಲಿಲ್ಲ. ನನ್ನ ಕಾಲೇಜಿನ ಮೇಷ್ಟ್ರು ನೋಡಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಮೊದಲ ದಿನ ಮಧ್ಯಾಹ್ನ ನಾವಿಬ್ಬರೂ ಬಾಗಿಲ ಹತ್ತಿರ ನಿಂತಿದ್ದೆವು. ಎಸರು ಕುದಿಯಿತು, ಹಿಟ್ಟು ಬಿತ್ತು, ಬೆಂದಿತು. ಆಕೆ ಪಾತ್ರೆಯನ್ನು ಪಕ್ಕಕ್ಕೆ ಎಳೆದರು, ಅದು ಹೋಗಿ ಕವೆಗೆ ಸಿಕ್ಕಿಕೊಂಡಿತು. ಕೋಲು ಹಿಡಿದು ತಿರುವತೊಡಗಿದರು. ಆಚಾರ್ರು ತಾವು ಮಾಡಿದ ಹಲಗೆಯನ್ನು ನೋಡುತ್ತಿರಲಿಲ್ಲ, ಕವೆಯನ್ನೂ ನೋಡುತ್ತಿರಲಿಲ್ಲ. ಅವರ ಕಣ್ಣು ಆಕೆಯ ಮಂಡಿಯ ಮೇಲಿತ್ತು. ಮಂಡಿ ನೆಟ್ಟಗಿತ್ತು. ಹನ್ನೆರಡು ಮುದ್ದೆ ಕಟ್ಟಿ ಮುಗಿಸಿದ ಮೇಲೆ ಆಕೆ, "ಇನ್ನೂ ಎಲ್ಡು ಕಟ್ಟಬೇಕು. ನೀವಿಬ್ರೂ ಉಂಡ್ಕಂಡೋಗಿ," ಎಂದರು. ನಾನು ಅವತ್ತು ಮೊದಲ ಸಲ ಮುದ್ದೆ ಉಂಡೆ. ಅಗಿಯಲು ಹೋಗಿ ಎಲ್ಲರಿಂದ ನಗಿಸಿಕೊಂಡೆ. "ಅಗೀಬ್ಯಾಡ ಕಣವ್ವ, ನುಂಗು!" ಎಂದು ಆಚಾರ್ರು ಪಂಕ್ತಿಯ ಆ ತುದಿಯಿಂದ ಕೂಗಿದರು.

ಊಟವಾದ ಮೇಲೆ ನಾನು ಆಕೆಯ ಹತ್ತಿರ ಹೋಗಿ ಕೇಳಿದೆ: "ಅಮ್ಮ, ಈಗಲಾದರೂ ನಿಜ ಹೇಳಿ. ನನ್ನ ಮನಸ್ಸು ನೋಯಲ್ಲ. ಇನ್ನೇನಾದರೂ ತೊಂದರೆ ಇದೆಯಾ?"

ಆಕೆ ನನ್ನ ಮುಖ ನೋಡಿದರು, ಆಚಾರ್ರ ಮುಖ ನೋಡಿದರು. ಸೆರಗಿನಿಂದ ಕೈ ಒರೆಸಿಕೊಂಡರು.

"ಯೋಳ್ಬುಡ್ಲಾ?"

"ಹೇಳಿ."

"ಆ ಮ್ಯಾಗಳ ಬೀರು ಐತಲ್ಲ, ಅದು ನಂಗ್ ಎಟುಕಾಕಿಲ್ಲ. ಉಪ್ಪಿನ್ ಡಬ್ಬ ಬೇಕು ಅಂದ್ರೆ ಮಗನ್ನ ಕೂಗ್ಬೇಕು. ಆಮ್ಯಾಲೆ ಈ ಡ್ರಾಯರು, ನಮ್ ಸೌಟು ಇದ್ರೊಳಕ್ಕೆ ಇಡ್ಸಾಕಿಲ್ಲ. ಪಾತ್ರೆ ತೊಳಿಯೋ ತೊಟ್ಟಿ ಬೋ ಚಿಕ್ದಾಯ್ತು. ಆಮ್ಯಾಲೆ ಈ ಹಸ್ರು ಬಣ್ಣ..."

ಆಚಾರ್ರು ಗೊಳ್ಳೆಂದು ನಕ್ಕರು. ಆಕೆ ನಿಲ್ಲಿಸಲಿಲ್ಲ. ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ನೆಟ್ಟಗೆ ನಿಂತು, ಒಂದೊಂದೇ ಬಾಗಿಲು ತೆಗೆದು ತೋರಿಸಿ ಒಟ್ಟು ಒಂಬತ್ತು ತಪ್ಪು ಹೇಳಿದರು. ನಾನು ಒಂಬತ್ತನ್ನೂ ಬರೆದುಕೊಂಡೆ. ಬರೆದುಕೊಳ್ಳುವಾಗ ಕಣ್ಣಲ್ಲಿ ನೀರು ಬಂದು ಅಕ್ಷರ ಕಾಣುತ್ತಿರಲಿಲ್ಲ, ಅಷ್ಟು ಸಂತೋಷವಾಗಿತ್ತು.